22ನೇ ನಂಬರಿನ ಕೊಕ್ಕೆ

ಜನವರಿ ತಿಂಗಳಲ್ಲಿ ಕೊಲರಾಡೋದ ಸೌತ್ ಪ್ಲಾಟ್ ನದಿಯ ದಂಡೆಗೆ ಹೋದರೆ ಹಿಮದ ಮೇಲೆ ಕಪ್ಪು ಚುಕ್ಕಿಗಳು ಓಡಾಡುವುದು ಕಾಣುತ್ತದೆ. ಬಗ್ಗಿ ನೋಡಬೇಕು. ಎರಡು ರೆಕ್ಕೆ, ಉದ್ದ ಕಾಲು, ಸಣ್ಣ ದೇಹ. ನೊರಜುಗಳು. ಇಲ್ಲಿಯವರು ಮಿಜ್ ಅನ್ನುತ್ತಾರೆ. ಗಾಳಿ ಶೂನ್ಯಕ್ಕಿಂತ ಕೆಳಗಿದ್ದರೂ, ಎಲೆ ಉದುರುವ ಮರಗಳೆಲ್ಲ ಬೋಳಾಗಿ ನಿಂತಿದ್ದರೂ ಇವು ಮಾತ್ರ ನೀರಿನಿಂದ ಎದ್ದು ಬರುತ್ತಲೇ ಇರುತ್ತವೆ. ಚಳಿಗಾಲದಲ್ಲಿ ಈ ನದಿಯ ಟ್ರೌಟ್ ಮೀನುಗಳ ಹೊಟ್ಟೆ ತುಂಬಿಸುವುದು ಹೆಚ್ಚುಕಮ್ಮಿ ಇವೇ.

ನಾನು ಕೊಪ್ಪದ ಕಡೆಯವನು. ಕೆಲಸಕ್ಕೆ ಅಂತ ಡೆನ್ವರ್‌ಗೆ ಬಂದು ಇಲ್ಲೇ ಉಳಿದೆ. ಊರಲ್ಲಿ ಹಳ್ಳಕ್ಕೆ ಎರೆಹುಳ ಸಿಕ್ಕಿಸಿ ಗಾಳ ಹಾಕುವುದು ಗೊತ್ತಿತ್ತು. ಇಲ್ಲಿ ಎರೆಯೇ ಇಲ್ಲ. ಕೊಕ್ಕೆಗೆ ದಾರ, ತಂತಿ, ಗರಿ ಸುತ್ತಿ ಹುಳದ ಆಕಾರ ಕೊಡುತ್ತಾರೆ. ಅದಕ್ಕೆ ಫ್ಲೈ ಅಂತ ಹೆಸರು. ಫ್ಲೈಗಳಲ್ಲಿ ಬೆರಳುದ್ದದವೂ ಇವೆ. ನನ್ನ ಮನಸ್ಸು ನಿಂತದ್ದು ಮಾತ್ರ ಅತಿ ಚಿಕ್ಕದರ ಮೇಲೆ, ಅಂಗೈ ಮೇಲಿಟ್ಟರೆ ಎಳ್ಳುಕಾಳಿನಷ್ಟು ಕಾಣುವ ಈ ಮಿಜ್ ಫ್ಲೈಗಳ ಮೇಲೆ. ಸುಮಾರು ವರ್ಷಗಳಿಂದ ಕಟ್ಟುತ್ತಿದ್ದೇನೆ. ಚಿಕ್ಕ ಫ್ಲೈ ಕಟ್ಟುವುದು ಅಂದರೆ ಏನೇನು ಹಾಕಬೇಕು ಅನ್ನುವ ಲೆಕ್ಕವಲ್ಲ, ಎಲ್ಲಿ ಕೈ ನಿಲ್ಲಿಸಬೇಕು ಅನ್ನುವುದು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು ಅನ್ನಿಸಿದೆ.

ಮೊದಲು ಹುಳದ ವಿಷಯ. ಇವು ಕೈರೊನಾಮಿಡೇ ಕುಟುಂಬದವು. ಸೊಳ್ಳೆಗೆ ದೂರದ ನೆಂಟರು, ಆದರೆ ಕಚ್ಚುವುದಿಲ್ಲ. ಬೆಂಗಳೂರಿನ ಕೆರೆಗಳ ಪಕ್ಕ ಸಂಜೆ ಬೀದಿ ದೀಪಕ್ಕೆ ಗುಂಪು ಗುಂಪಾಗಿ ಮುತ್ತುವುದರಲ್ಲೂ ಈ ಕುಟುಂಬದವು ಇರುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿಗೆ ಹಾಕಲು ಮಾರುವ ಕೆಂಪು 'ಬ್ಲಡ್ ವರ್ಮ್' ಕೂಡ ಇದರ ಮರಿಹುಳುವೇ. ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆ ಕೆಂಪು. ಹಾಗಾಗಿಯೇ ಆಮ್ಲಜನಕ ಕಮ್ಮಿ ಇರುವ ಕೆಸರಲ್ಲೂ ಅದು ಬದುಕುತ್ತದೆ.

ಮೊಟ್ಟೆ, ಮರಿಹುಳು, ಪ್ಯೂಪಾ, ರೆಕ್ಕೆ ಹುಳ. ಹೀಗೆ ನಾಲ್ಕು ಹಂತ. ಮೀನು ಹಿಡಿಯುವವರಿಗೆ ಮುಖ್ಯವಾದದ್ದು ಮೂರನೆಯದು. ಬಲಿತ ಪ್ಯೂಪಾದ ಚರ್ಮದ ಒಳಗೆ ಗಾಳಿ ತುಂಬಿಕೊಳ್ಳುತ್ತದೆ. ಆ ಗಾಳಿಯ ಬಲದಿಂದ ಅದು ತಳ ಬಿಟ್ಟು ನಿಧಾನಕ್ಕೆ ಮೇಲೇಳುತ್ತದೆ. ಈಜುವ ಶಕ್ತಿ ಅಷ್ಟಕ್ಕಷ್ಟೆ, ನೀರು ಎಳೆದತ್ತ ಹೋಗುತ್ತದೆ. ಮೇಲೆ ಬಂದರೆ ಅಲ್ಲೊಂದು ತಡೆ. ನೀರಿನ ಮೇಲ್ಪದರ ನಮಗೆ ಏನೂ ಅಲ್ಲ, ಇಷ್ಟು ಚಿಕ್ಕ ಜೀವಕ್ಕೆ ಅದನ್ನು ಸೀಳುವುದೇ ದೊಡ್ಡ ಕೆಲಸ. ಅಲ್ಲೇ ನೇತಾಡಿಕೊಂಡು, ಬೆನ್ನು ಬಿರಿದು, ರೆಕ್ಕೆ ಹುಳ ಹೊರಬರಬೇಕು. ಟ್ರೌಟ್ ಕಾಯುವುದು ಆ ಗಳಿಗೆಗಾಗಿ. ಓಡಿ ಹೋಗುವ ಊಟವಲ್ಲ, ಹಾರಿ ಹಿಡಿಯಬೇಕಾಗಿಲ್ಲ. ಇದ್ದಲ್ಲೇ ಇದ್ದು ಬಾಯಿ ತೆರೆದರೆ ಸಾಕು.

ಚಳಿಗಾಲದಲ್ಲೂ ಇದೆಲ್ಲ ನಡೆಯಲು ಕಾರಣ ಅಣೆಕಟ್ಟು. ಈ ನದಿಗೆ ಅಡ್ಡಲಾಗಿ ಕಟ್ಟಿದ ಚೀಸ್‌ಮನ್ ಅಣೆಕಟ್ಟು 1905ರಲ್ಲಿ ಮುಗಿಯಿತು. ಗ್ರಾನೈಟ್ ಕಲ್ಲು ಜೋಡಿಸಿ 221 ಅಡಿ ಎತ್ತರಕ್ಕೆ ಕಟ್ಟಿದ್ದು, ಡೆನ್ವರ್ ನಗರಕ್ಕೆ ಕುಡಿಯುವ ನೀರಿಗಾಗಿ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಮೇಲೆ ಮಂಜುಗಡ್ಡೆ ಕಟ್ಟಿದರೂ ಜಲಾಶಯದ ತಳದ ನೀರು ಆಸುಪಾಸು ಅಷ್ಟೇ ಇರುತ್ತದೆ. ತಳದಿಂದ ಬಿಟ್ಟ ನೀರು ಅಣೆಕಟ್ಟಿನ ಕೆಳಗೆ ಹೆಪ್ಪುಗಟ್ಟದೆ ಹರಿಯುತ್ತದೆ. ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ. ಇಂಥ ನದಿಯ ಭಾಗಕ್ಕೆ ಟೇಲ್‌ವಾಟರ್ ಅನ್ನುತ್ತಾರೆ. ನ್ಯೂ ಮೆಕ್ಸಿಕೋದಲ್ಲಿ 1962ರಲ್ಲಿ ಮುಗಿದ ನವಾಹೋ ಅಣೆಕಟ್ಟಿನ ಕೆಳಗಿನ ಸ್ಯಾನ್ ಹ್ವಾನ್ ನದಿಯೂ ಇಂಥದ್ದೇ. ಮಿಜ್ ಫ್ಲೈ ಕಟ್ಟುವವರು ಒಮ್ಮೆಯಾದರೂ ಹೋಗಬೇಕು ಅಂದುಕೊಳ್ಳುವ ಜಾಗ ಅದು.

ಈಗ ಕೊಕ್ಕೆಗೆ ಬರೋಣ. ಇಲ್ಲಿ ನಂಬರ್ ಜಾಸ್ತಿಯಾದಷ್ಟೂ ಕೊಕ್ಕೆ ಚಿಕ್ಕದು. 10, 12 ಸಾಮಾನ್ಯ ಫ್ಲೈಗಳಿಗೆ. 18 ಮತ್ತು ಅದಕ್ಕಿಂತ ದೊಡ್ಡ ನಂಬರಿನವು ಚಿಕ್ಕವು ಅನ್ನಿಸಿಕೊಳ್ಳುತ್ತವೆ. ಮಿಜ್‌ಗೆ 20, 22, 24 ಬೇಕು. 26ರಲ್ಲಿ ಕಟ್ಟುವವರೂ ಇದ್ದಾರೆ, 32ನೇ ನಂಬರಿನ ಕೊಕ್ಕೆಯೂ ಸಿಗುತ್ತದೆ. ನನಗೆ 22 ಸರಿಯಾದ ಗಾತ್ರ ಅನ್ನಿಸುತ್ತದೆ. ಹುಳಕ್ಕೆ ಹತ್ತಿರ ಇರುತ್ತದೆ, ಮೀನು ಸಿಕ್ಕಿದಾಗ ಹಿಡಿದು ನಿಲ್ಲುವಷ್ಟು ಉಕ್ಕೂ ಇರುತ್ತದೆ. ನಾನು ಜಾಸ್ತಿ ಬಳಸುವುದು ಟೈಮ್ಕೋ 2488. ಕತ್ತು ಗಿಡ್ಡ, ಬೆನ್ನು ಬಾಗಿದೆ, ಬಾಯಿ ಅಗಲ. ದಾರ ಪೋಣಿಸುವ ಕಣ್ಣು ನೇರಕ್ಕಿದೆ, ಬಗ್ಗಿಲ್ಲ. ಈ ಅಳತೆಯಲ್ಲಿ ಅದು ದೊಡ್ಡ ಅನುಕೂಲ. ಕೊಕ್ಕೆಯ ಮೊನೆಗೂ ಮೈಗೂ ನಡುವಿನ ಜಾಗ ಮೊದಲೇ ಇಕ್ಕಟ್ಟು. ಕಣ್ಣು ಕೆಳಗೆ ಬಗ್ಗಿದ್ದರೆ ಇನ್ನಷ್ಟು ಮುಚ್ಚಿಹೋಗುತ್ತದೆ.

ಕಟ್ಟುವುದು ಬ್ಲ್ಯಾಕ್ ಬ್ಯೂಟಿ ಅನ್ನುವ ಫ್ಲೈ. ಇದೇ ಸೌತ್ ಪ್ಲಾಟ್‌ನಲ್ಲಿ ಗೈಡ್ ಆಗಿರುವ ಪ್ಯಾಟ್ ಡಾರ್ಸಿ ಅವರು ರೂಪಿಸಿದ್ದು. ಕಪ್ಪು ದಾರ, ತಾಮ್ರದ ತಂತಿ, ಕತ್ತಿನ ಹತ್ತಿರ ಚೂರು ಕಪ್ಪು ತುಪ್ಪಳ. ಮುಗಿಯಿತು. ಮೂರೇ ಸಾಮಾನು.

ಮೊದಲು ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಬೇಕು. ಕಟ್ಟಿದ ಮೇಲೆ ಅಲ್ಲ, ಮೊದಲೇ. ಉಕ್ಕು ಮುರಿಯುವುದಾದರೆ ಈಗಲೇ ಮುರಿಯಲಿ, ಶ್ರಮ ದಂಡವಾಗುವುದಿಲ್ಲ. ಆಮೇಲೆ ವೈಸ್, ಅಂದರೆ ಕೊಕ್ಕೆಯನ್ನು ಹಿಡಿದು ನಿಲ್ಲಿಸುವ ಸಾಧನದ ದವಡೆಗೆ ಕೊಕ್ಕೆಯ ಬಾಗನ್ನು ಕಚ್ಚಿಸಬೇಕು, ತುದಿಯಲ್ಲಷ್ಟೇ. ಟೇಬಲ್ ಮೇಲೆ ಬಿಳಿ ಕಾಗದ, ಪಕ್ಕದಲ್ಲಿ ಒಳ್ಳೆಯ ದೀಪ, ಮೂಗಿನ ಮೇಲೆ ಚಾಳೀಸು. ಕೊಕ್ಕೆಯ ಹಿಂದೆ ತಿಳಿ ಬಣ್ಣ ಇದ್ದರೆ ಕಣ್ಣಿಗೆ ಅರ್ಧ ಕೆಲಸ ಉಳಿಯುತ್ತದೆ.

ದಾರದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಇದರ ಅಳತೆ ಡೆನಿಯರ್‌ನಲ್ಲಿ. ಶಿಡ್ಲಘಟ್ಟ, ರಾಮನಗರದ ನೂಲು ಬಿಚ್ಚುವವರಿಗೆ ಇದು ಹೊಸದಲ್ಲ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಹಿಂದೆ ಫ್ಲೈ ಕಟ್ಟುತ್ತಿದ್ದದ್ದೂ ರೇಷ್ಮೆಯಲ್ಲೇ. ಈಗ ನೈಲಾನ್, ಪಾಲಿಯೆಸ್ಟರ್. ಮಿಜ್‌ಗೆ 70 ಡೆನಿಯರ್ ದಾರ ನಡೆಯುತ್ತದೆ, 50 ಅಥವಾ 30 ಇದ್ದರೆ ಇನ್ನೂ ಒಳ್ಳೆಯದು. ಆದರೆ ದಾರ ತೆಳು ಇದ್ದರಷ್ಟೇ ಸಾಲದು, ಹೇಗೆ ಕೂರುತ್ತದೆ ಅನ್ನುವುದೂ ಮುಖ್ಯ. ಬಲಗೈಯಲ್ಲಿ ಸುತ್ತುತ್ತಾ ಹೋದಂತೆ ದಾರ ಹುರಿಗೊಳ್ಳುತ್ತದೆ. ಹುರಿಗೊಂಡ ದಾರ ಗುಂಡಗಿರುತ್ತದೆ, ಸುತ್ತಿದಲ್ಲೆಲ್ಲ ಉಬ್ಬು ಬರುತ್ತದೆ. ಆಗ ದಾರದ ಉರುಳೆ ಹಿಡಿದ ಬಾಬಿನ್ನನ್ನು ನೇತಾಡಲು ಬಿಟ್ಟು ಎಡಕ್ಕೆ ತಿರುಗಿಸಬೇಕು. ಹುರಿ ಬಿಚ್ಚಿಕೊಳ್ಳುತ್ತದೆ, ದಾರದ ಎಳೆಗಳೆಲ್ಲ ಪಕ್ಕಪಕ್ಕ ಮಲಗಿ ಚಪ್ಪಟೆ ಪಟ್ಟಿಯಾಗುತ್ತದೆ. ಚಪ್ಪಟೆ ದಾರದ ಮೈ ನಯವಾಗಿರುತ್ತದೆ. ಇಡೀ ಕಟ್ಟುವಿಕೆಯಲ್ಲಿ ನನಗೆ ಅತಿ ಇಷ್ಟವಾದ ಕ್ಷಣ ಅದು. ದೀಪದ ಕೆಳಗೆ ದಾರ ಅಗಲವಾಗುವುದು ಕಣ್ಣಿಗೆ ಕಾಣುತ್ತದೆ.

ಕಣ್ಣಿನ ಹಿಂದೆ ಚೂರು ಜಾಗ ಬಿಟ್ಟು ದಾರ ಶುರು. ತಂತಿಯನ್ನು ಕೊಕ್ಕೆಯ ಉದ್ದಕ್ಕೂ ಇಟ್ಟು, ಬಾಗಿನವರೆಗೆ ಒಂದರ ಪಕ್ಕ ಒಂದು ಸುತ್ತು ಕೂರಿಸಿಕೊಂಡು ಹೋಗಬೇಕು. ತಂತಿಯ ತುದಿ ಅರ್ಧದಲ್ಲಿ ಮುಗಿಯಬಾರದು, ಅಲ್ಲಿ ಮೆಟ್ಟಿಲು ಬೀಳುತ್ತದೆ. ಹೋಗುವಾಗ ಒಂದು ಪದರ, ವಾಪಸ್ ಬರುವಾಗ ಒಂದು ಪದರ. ಮೈ ಅಷ್ಟೇ. ಈಗ ತಂತಿಯನ್ನು ದಾರಕ್ಕೆ ಎದುರು ದಿಕ್ಕಿನಲ್ಲಿ ಸುತ್ತಬೇಕು. ನಡುವೆ ಕಪ್ಪು ಕಾಣುವಷ್ಟು ಅಂತರ, ಐದಾರು ಸುತ್ತು. ಎರಡು ದಾರದ ಸುತ್ತಿನಲ್ಲಿ ತಂತಿಯನ್ನು ಬಿಗಿದು, ಕತ್ತರಿ ಹಾಕದೆ ಅತ್ತಿತ್ತ ಆಡಿಸಿದರೆ ಬುಡದಲ್ಲೇ ಮುರಿಯುತ್ತದೆ. ಕತ್ತರಿಸಿದರೆ ಚೂಪು ಮೊಂಡೊಂದು ಉಳಿದು ದಾರವನ್ನು ಕೊಯ್ಯುತ್ತದೆ.

ಉಳಿದದ್ದು ತುಪ್ಪಳ. ಇದೇ ಎಲ್ಲರ ಕೈ ತಪ್ಪುವ ಜಾಗ. ಪೊಟ್ಟಣದಿಂದ ಚಿವುಟಿ ತೆಗೆದಾಗ ಎಷ್ಟು ಬರುತ್ತದೋ ಅದರಲ್ಲಿ ಅರ್ಧ ವಾಪಸ್ ಹಾಕಬೇಕು. ಉಳಿದ ಅರ್ಧದಲ್ಲಿ ಮತ್ತರ್ಧ ತೆಗೆಯಬೇಕು. ಬೆರಳಲ್ಲಿ ಹಿಡಿದದ್ದು ಕಾಣುತ್ತದೋ ಇಲ್ಲವೋ ಅನ್ನುವಷ್ಟಿದ್ದಾಗ ಅದನ್ನು ದಾರಕ್ಕೆ ಹೊಸೆದು, ಒಂದೆರಡು ಸುತ್ತು. ಅಲ್ಲಿಗೆ ಪ್ಯೂಪಾದ ಎದೆ ಆಯಿತು. ಗಂಟು ಹಾಕಿ ದಾರ ಕತ್ತರಿಸಿದರೆ ಮುಗಿಯಿತು.

ಕಟ್ಟಿ ಮುಗಿಸಿದ ಮೇಲೆ ಫ್ಲೈ ಬಡಕಲಾಗಿ ಕಾಣುತ್ತದೆ. ಇನ್ನೊಂದು ಸುತ್ತು ಹಾಕಿದ್ದರೆ ಚೆನ್ನಾಗಿತ್ತೇನೋ, ಒಂದು ಹೊಳೆಯುವ ಎಳೆ ಸೇರಿಸಿದ್ದರೆ ಎದ್ದು ಕಾಣುತ್ತಿತ್ತೇನೋ ಅನ್ನಿಸುತ್ತದೆ. ಅಂಗಡಿಯ ಡಬ್ಬಿಯಲ್ಲಿ ಜನ ಕೈ ಹಾಕುವುದೂ ದುಂಡಗಿರುವ, ಹೊಳೆಯುವ ಫ್ಲೈಗೇ. ನದಿಯಲ್ಲಿ ನಿಜವಾದ ಪ್ಯೂಪಾ ಒಂದನ್ನು ಬೆರಳ ತುದಿಯ ಮೇಲೆ ಎತ್ತಿಕೊಂಡು ಪಕ್ಕದಲ್ಲಿ ನಮ್ಮದನ್ನಿಟ್ಟು ನೋಡಬೇಕು. ಹುಳ ಯಾವಾಗಲೂ ನಮ್ಮದಕ್ಕಿಂತ ಸಪೂರ. 12ನೇ ನಂಬರಿನ ಫ್ಲೈಯಲ್ಲಿ ನಾಲ್ಕು ಸುತ್ತು ಜಾಸ್ತಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ. 22ರಲ್ಲಿ ನಾಲ್ಕು ಸುತ್ತು ಅಂದರೆ ಬೇರೆಯೇ ಹುಳ. ಕೊಕ್ಕೆಯ ಬಾಯಿಯೂ ತುಂಬಿಹೋಗಿ ಮೀನು ಕಚ್ಚಿದರೂ ಸಿಕ್ಕಿಕೊಳ್ಳುವುದಿಲ್ಲ.

ಈ ನದಿಯ ಫ್ಲೈಗಳೆಲ್ಲ ಹೀಗೇ, ಕಮ್ಮಿ ಸಾಮಾನಿನವು. 1960ರ ದಶಕದಲ್ಲಿ ಇಲ್ಲಿ ಹುಟ್ಟಿದ ಬ್ರಾಸಿ ಅನ್ನುವ ಫ್ಲೈಗೆ ಮೈಯೆಲ್ಲ ಬರೀ ತಾಮ್ರದ ತಂತಿ. ಅರಿಜೋನಾದ ಲೀಸ್ ಫೆರಿ ಕಡೆಯಿಂದ ಬಂದ ಜೀಬ್ರಾ ಮಿಜ್‌ಗೆ ಕಪ್ಪು ದಾರ, ಬೆಳ್ಳಿ ಬಣ್ಣದ ತಂತಿ, ಒಂದು ಮಣಿ. ನನಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಆರ್‌ಎಸ್2. ಅದನ್ನು ಕಟ್ಟಿದವರು ರಿಮ್ ಚಂಗ್. ಕೊರಿಯಾದಿಂದ ಕೊಲರಾಡೋಗೆ ಬಂದವರು. 1970ರ ದಶಕದಲ್ಲಿ ಸೌತ್ ಪ್ಲಾಟ್ ದಂಡೆಯಲ್ಲಿ ನಿಂತು, ನೀರಿನ ಮೇಲ್ಪದರದಲ್ಲಿ ರೆಕ್ಕೆ ಬಿಚ್ಚುತ್ತಿರುವ ಹುಳವನ್ನು ನೋಡಿ, ಎರಡು ಬಾಲದ ಎಳೆ, ಬೂದು ತುಪ್ಪಳ, ಗರಿಯ ಬುಡದ ಒಂದು ಚೂರು, ಇಷ್ಟರಲ್ಲಿ ಅದನ್ನು ಹಿಡಿದಿಟ್ಟರು. ಮೂಲದಲ್ಲಿ ಅದು ಮೇಫ್ಲೈ ಅನ್ನುವ ಇನ್ನೊಂದು ನೀರುಹುಳದ ನಕಲಾಗಿ ಕಟ್ಟಿದ್ದು. ಮಿಜ್ ಏಳುವಾಗಲೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಬೇರೆ ದೇಶದಿಂದ ಬಂದವರೊಬ್ಬರು ಇಲ್ಲಿಯ ನೀರನ್ನು ಇಷ್ಟು ಗಮನವಿಟ್ಟು ನೋಡಿದ್ದಾರಲ್ಲ ಅಂತ ಪ್ರತಿ ಸಲ ಆ ಫ್ಲೈ ಕಟ್ಟುವಾಗ ಖುಷಿಯಾಗುತ್ತದೆ. ಹಾಗೆ ನೋಡಿದರೆ ಮೀನೂ ಹೊರಗಿನದೇ. ಈ ನದಿಯ ಮೂಲ ಟ್ರೌಟ್ ಗ್ರೀನ್‌ಬ್ಯಾಕ್ ಕಟ್‌ತ್ರೋಟ್. ರೇನ್‌ಬೋ ಟ್ರೌಟ್ ಪೆಸಿಫಿಕ್ ಸಾಗರದ ಕಡೆಯ ನದಿಗಳದ್ದು. ಬ್ರೌನ್ ಟ್ರೌಟ್ ಯುರೋಪಿನಿಂದ 1880ರ ದಶಕದಲ್ಲಿ ಅಮೆರಿಕಕ್ಕೆ ಬಂತು. ನಮ್ಮ ಪಕ್ಕದ ನೀಲಗಿರಿಯ ಹೊಳೆಗಳಿಗೂ ಬ್ರಿಟಿಷರು ಟ್ರೌಟ್ ತಂದು ಬಿಟ್ಟಿದ್ದರು.

ಗರಿಗಳ ದಾರಿಯೂ ಉದ್ದದ್ದೇ. ರೆಕ್ಕೆ ಬಂದ ನೊರಜುಗಳು ಕೂಡುವಾಗ ನೀರಿನ ಮೇಲೆ ಗುಂಪಾಗಿ ತೇಲುತ್ತವೆ. ಆ ಗುಂಪಿನ ನಕಲು ಗ್ರಿಫಿತ್ಸ್ ನ್ಯಾಟ್. ಮಿಷಿಗನ್‌ನಲ್ಲಿ 1959ರಲ್ಲಿ ಶುರುವಾದ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಜಾರ್ಜ್ ಗ್ರಿಫಿತ್ ಅವರ ಹೆಸರಿನದು. ಮೈಗೆ ನವಿಲುಗರಿಯ ಎಳೆ, ಮೇಲೆ ಕಪ್ಪು-ಬಿಳಿ ಪಟ್ಟೆಯ ಹುಂಜದ ಪುಕ್ಕ. ನವಿಲುಗರಿಯ ಹೊಳಪು ಬಣ್ಣದಿಂದ ಬಂದದ್ದಲ್ಲ, ಗರಿಯ ಒಳರಚನೆಯಲ್ಲಿ ಬೆಳಕು ಆಡುವುದರಿಂದ ಬಂದದ್ದು. ಅದಕ್ಕೇ ಒದ್ದೆಯಾದರೂ ಹಳತಾದರೂ ಮಾಸುವುದಿಲ್ಲ. ಹುಂಜದ ಪುಕ್ಕವನ್ನು ಈಗ ಇಲ್ಲೇ ಕೊಲರಾಡೋದ ಡೆಲ್ಟಾದಲ್ಲಿ ತಳಿ ಆಯ್ಕೆ ಮಾಡಿ ಬೆಳೆಸುತ್ತಾರೆ. ಅದಕ್ಕೆ ಮೊದಲು ಬಹಳ ಕಾಲ ಭಾರತದಿಂದ ಬಂದ ಹುಂಜದ ಕತ್ತಿನ ತೊಗಲೇ ಕಟ್ಟುವವರ ಆಧಾರವಾಗಿತ್ತು. ನಮ್ಮ ಮಲೆನಾಡಿನ ಕಾಡುಕೋಳಿಯೂ ಇದರಲ್ಲಿ ಸಿಕ್ಕಿಕೊಂಡಿತ್ತು. ಹುಂಜದ ಕತ್ತಿನ ಮೇಲಿನ ಅರಗು ಹಚ್ಚಿದಂಥ ಹಳದಿ ಚುಕ್ಕಿಯ ಗರಿಗಳಿಗೆ ಬ್ರಿಟನ್ನಿನ ಸಾಲ್ಮನ್ ಫ್ಲೈಗಳಲ್ಲಿ ಭಾರೀ ಬೇಡಿಕೆ. ಭಾರತ ಆ ರಫ್ತು ನಿಲ್ಲಿಸಿತು. ಒಳ್ಳೆಯದೇ ಆಯಿತು. ಬೆಳಗಿನ ಹೊತ್ತು ತೋಟದ ಅಂಚಿನಲ್ಲಿ ಕೂಗುವ ಆ ಹಕ್ಕಿಯನ್ನು ಕೇಳಿ ಬೆಳೆದವನಿಗೆ ಅದರ ಗರಿ ಡಬ್ಬಿಯಲ್ಲಿ ಬೇಡ.

ನದಿಗೆ ಇಳಿಯುವುದು ಗಿಲ್ ಟ್ರೇಲ್ ಅನ್ನುವ ಕಾಲುದಾರಿಯಲ್ಲಿ. ಪಾಂಡರೋಸ ಪೈನ್ ಮರಗಳ ನಡುವೆ ನಡೆದು ಚೀಸ್‌ಮನ್ ಕಣಿವೆಗೆ ಬಂದರೆ ಮನೆ ಗಾತ್ರದ ಗ್ರಾನೈಟ್ ಬಂಡೆಗಳು, ನಡುವೆ ತಿಳಿ ನೀರು. ತಳದ ಮರಳು ಎಣಿಸಬಹುದು. ನಮಗೆ ಮೀನು ಕಾಣುತ್ತದೆ ಅಂದರೆ ಮೀನಿಗೂ ನಾವು ಕಾಣುತ್ತೇವೆ. ಗಾಳದ ಕೊನೆಯ ದಾರ, ಅಂದರೆ ಟಿಪ್ಪೆಟ್, 6ಎಕ್ಸ್ ಅಥವಾ 7ಎಕ್ಸ್ ಇರಬೇಕು. ಲೆಕ್ಕ ಸುಲಭ. 11ರಿಂದ ಆ ಅಂಕಿ ಕಳೆದರೆ ಉಳಿಯುವಷ್ಟು ಸಾವಿರದಂಶ ಇಂಚು ದಪ್ಪ. 7ಎಕ್ಸ್ ಅಂದರೆ ಇಂಚಿನ ಸಾವಿರದಲ್ಲಿ 4 ಭಾಗ, ಮಿಲಿಮೀಟರಿನ ಹತ್ತನೇ ಒಂದು.

ಹೋದ ಫೆಬ್ರವರಿಯ ಒಂದು ಮಧ್ಯಾಹ್ನದ ಮೀನು ಚೆನ್ನಾಗಿ ನೆನಪಿದೆ. ಬಂಡೆಯ ಹಿಂದಿನ ನಿಧಾನ ನೀರಿನಲ್ಲಿ, ಎರಡಡಿ ಆಳದಲ್ಲಿ, ಒಂದು ರೇನ್‌ಬೋ. ಬಾಲ ಮಾತ್ರ ಆಡುತ್ತಿತ್ತು. ಇಂಥ ತಣ್ಣೀರಲ್ಲಿ ಮೀನಿನ ದೇಹದ ಕೆಲಸವೆಲ್ಲ ನಿಧಾನ. ಊಟಕ್ಕಾಗಿ ಪಕ್ಕಕ್ಕೆ ಗೇಣು ದೂರ ಸರಿದರೆ ಹೆಚ್ಚು. ಫ್ಲೈ ಅದರ ಮೂಗಿನ ನೇರಕ್ಕೆ, ನೀರಿನ ವೇಗದಲ್ಲೇ, ದಾರ ಎಳೆಯದ ಹಾಗೆ ಬರಬೇಕು. ಒಂದು ಸಲ ಅಂಗೈ ಅಗಲ ಆಚೆ ಹೋಯಿತು, ಮೀನು ಅಲುಗಲಿಲ್ಲ. ಇನ್ನೊಂದು ಸಲ ಸರಿಯಾಗಿ ಬಂತು. 22ನೇ ನಂಬರಿನ ಫ್ಲೈ ನೀರಲ್ಲಿ ನಮಗೆ ಕಾಣುವ ಮಾತೇ ಇಲ್ಲ. ನೋಡಬೇಕಾದದ್ದು ಮೀನಿನ ಬಾಯನ್ನು. ಬಾಯಿ ತೆರೆದಾಗ ಒಳಗಿನ ಬಿಳುಪು ಒಂದು ಕ್ಷಣ ಕಾಣುತ್ತದೆ. ಕಂಡಿತು. ಕೋಲು ಎತ್ತಿದೆ, ಜಗ್ಗಲಿಲ್ಲ, ಸುಮ್ನೆ ಎತ್ತಿದೆ ಅಷ್ಟೇ. ಮೇಲ್ದವಡೆಯ ಮೂಲೆಯಲ್ಲಿ ಫ್ಲೈ ಕೂತಿತ್ತು. ಅಷ್ಟು ದೊಡ್ಡ ಮೀನಿನ ತುಟಿಯ ಮೇಲೆ ಒಂದು ಕಪ್ಪು ಮಚ್ಚೆ. ಬಲೆಯನ್ನು ನೀರಲ್ಲೇ ಇಟ್ಟು, ಇಕ್ಕಳದಲ್ಲಿ ಹಿಂದಕ್ಕೆ ಒತ್ತಿದೆ. ಮುಳ್ಳಿಲ್ಲದ ಕೊಕ್ಕೆ ತಟಕ್ಕನೆ ಕಳಚಿತು.

ಈ ಕಣಿವೆಯಲ್ಲಿ ಕೃತಕ ಫ್ಲೈ ಮತ್ತು ಲ್ಯೂರ್, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆ, ಇವಕ್ಕೆ ಮಾತ್ರ ಅವಕಾಶ. ಹಿಡಿದ ಮೀನನ್ನು ಬಿಡಲೇಬೇಕು. ಅಮ್ಮ ಫೋನಲ್ಲಿ ಕೇಳಿದ್ದಳು: "ಅಲ್ಲ ಕಣೋ, ತಿನ್ನೋದಿಲ್ಲ ಅಂದ್ಮೇಲೆ ಅದನ್ನ ಯಾಕೋ ಹಿಡೀಬೇಕು? ಪಾಪ, ಅದಕ್ಕೂ ನೋವಾಗಲ್ವಾ?" ನ್ಯಾಯವಾದ ಪ್ರಶ್ನೆ. ತೊಂದರೆ ಆಗುತ್ತದೆ ಅಮ್ಮ, ಅದಕ್ಕೇ ಮುಳ್ಳು ತೆಗೆಯುವುದು, ಅದಕ್ಕೇ ನೀರಿನಿಂದ ಎತ್ತದಿರುವುದು ಅಂದೆ. ಬೇಸಿಗೆಯಲ್ಲಿ ನೀರು 20 ಡಿಗ್ರಿ ಹತ್ತಿರ ಬಂದರೆ ಮೀನಿಗೆ ಉಸಿರಾಟವೇ ಕಷ್ಟ, ಆಗ ಗಾಳ ಹಾಕುವುದೇ ಇಲ್ಲ ಅಂತಲೂ ಹೇಳಿದೆ. ಅವಳಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಈ ನದಿಯ ಚಳಿಗಾಲ ನನಗೆ ಗೊತ್ತಾಗಿದ್ದು ಆ ಮೀನು ಏನು ತಿನ್ನುತ್ತದೆ ಅಂತ ಹುಡುಕಿಕೊಂಡು ಹೋಗಿದ್ದರಿಂದಲೇ. ಬರೀ ದಂಡೆಯಲ್ಲಿ ನಡೆದು ಹೋಗಿದ್ದರೆ ಹಿಮದ ಮೇಲಿನ ಚುಕ್ಕಿಗಳನ್ನು ಧೂಳು ಅಂದುಕೊಳ್ಳುತ್ತಿದ್ದೆ.

ಈ ಕಡೆಯ ನದಿ ಉಳಿದಿರುವುದಕ್ಕೂ ಹಾಗೆ ಹುಡುಕಿಕೊಂಡು ಬಂದವರ ಪಾಲಿದೆ. 1980ರ ದಶಕದಲ್ಲಿ ಇಲ್ಲಿ ಟೂ ಫೋರ್ಕ್ಸ್ ಅನ್ನುವ ಇನ್ನೊಂದು ದೊಡ್ಡ ಅಣೆಕಟ್ಟು ಕಟ್ಟುವ ಯೋಜನೆ ಇತ್ತು. ಆಗಿದ್ದರೆ ಡೆಕರ್ಸ್ ಊರು, ಅದರ ಮೇಲಿನ ಕೆಳಗಿನ ಮೈಲುಗಟ್ಟಲೆ ನದಿ ಜಲಾಶಯದಲ್ಲಿ ಮುಳುಗುತ್ತಿತ್ತು. ಮೀನು ಹಿಡಿಯುವವರು, ಪರಿಸರದವರು ಸೇರಿ ವಿರೋಧಿಸಿದರು. 1990ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ತಡೆಯಿತು. ಮೊದಲಿನ ಅಣೆಕಟ್ಟು ಇಲ್ಲದಿದ್ದರೆ ಈ ತಣ್ಣೀರಿಲ್ಲ, ಎರಡನೆಯದು ಬಂದಿದ್ದರೆ ಈ ನದಿಯೇ ಇಲ್ಲ. ಎರಡೂ ನಿಜ. ಆಮೇಲೆ 2002ರಲ್ಲಿ ಹೇಮನ್ ಕಾಡ್ಗಿಚ್ಚು. ಸುಮಾರು 1,38,000 ಎಕರೆ ಸುಟ್ಟಿತು. ಬೇರು ಹಿಡಿದಿದ್ದ ಮಣ್ಣು ಸಡಿಲವಾಗಿ, ಮಳೆ ಬಂದಾಗಲೆಲ್ಲ ಬೂದಿ, ಪುಡಿಗ್ರಾನೈಟ್ ನದಿಗೆ ಇಳಿದು ಕಲ್ಲುಗಳ ಸಂದು ತುಂಬಿದವು. ಕಲ್ಲಿನ ಸಂದಲ್ಲಿ ಬದುಕುವ ಹುಳಗಳಿಗೆ ಜಾಗವಿಲ್ಲದಂತಾಯಿತು. ಮರಳು, ಕೆಸರಿನ ತಳದಲ್ಲೂ ಬದುಕಬಲ್ಲದ್ದು ನೊರಜು. ಅಂಥ ನದಿಯಲ್ಲಿ ಮೀನಿಗೆ ಆಸರೆಯಾಗುವುದು ಅದೇ. ಇವತ್ತಿಗೂ ಸುಟ್ಟ ಕಂಬಗಳು ಗುಡ್ಡದ ಮೇಲೆ ನಿಂತಿವೆ.

ಕಟ್ಟಲು ಶುರು ಮಾಡಬೇಕು ಅನ್ನುವವರಿದ್ದರೆ ನೇರ 22ಕ್ಕೆ ಹೋಗಬೇಡಿ. 18ರಲ್ಲಿ ಶುರು ಮಾಡಿ, ಕೈ ಕೂತ ಮೇಲೆ 20, ಆಮೇಲೆ 22. ಕಪ್ಪು, ಕೆಂಪು, ಆಲಿವ್, ಮೂರು ದಾರ ಸಾಕು. ತಾಮ್ರದ್ದೊಂದು, ಬೆಳ್ಳಿ ಬಣ್ಣದ್ದೊಂದು ತೆಳು ತಂತಿ. ದೀಪಕ್ಕೆ ಮಾತ್ರ ದುಡ್ಡು ನೋಡಬೇಡಿ, ಕಣ್ಣು ಬೇಕಲ್ವಾ. ಒಂದು ಸಲ ಕೂತರೆ ಒಂದೇ ಬಣ್ಣ, ಒಂದೇ ಅಳತೆಯಲ್ಲಿ ಕಟ್ಟಿ, ಎಲ್ಲವನ್ನೂ ಸಾಲಾಗಿಟ್ಟು ಯಾವುದು ಸಪೂರ ಬಂದಿದೆ ನೋಡಿ. ಕೊಕ್ಕೆಯ ಪೊಟ್ಟಣ ಬಿಚ್ಚುವಾಗ ಪಕ್ಕದಲ್ಲಿ ಚಿಕ್ಕ ಆಯಸ್ಕಾಂತ ಇಟ್ಟುಕೊಳ್ಳಿ, ಎದ್ದೇಳುವ ಮೊದಲು ಅದನ್ನು ನೆಲದ ಮೇಲೆ ಒಮ್ಮೆ ಆಡಿಸಿ. ಮನೆಯಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ.